ಕಂಬಳಿ ಸರಿಸಿದ ಡಬ್ಬಿ

ಪುಣೆಯ ಬಾಡಿಗೆ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ನೇರ ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಸಿಕ್ಕಿಸಿ ರೆಕಾರ್ಡ್ ಮಾಡುತ್ತಿದ್ದೆ. ಧಾರವಾಡದಲ್ಲಿ ಹಾರ್ಮೋನಿಯಂ ಬಾರಿಸುವ ಅಪ್ಪ ಕೇಳಿ, "ಕಂಬಳಿ ಹೊದ್ದು ಬಾರಿಸಿದಂಗ ಐತಲ್ಲೋ" ಅಂದರು.

ಸಿಟ್ಟು ಬಂತು, ಆದರೆ ಕಿವಿ ಸುಳ್ಳಾಡಿರಲಿಲ್ಲ. ಗಿಟಾರಿನ ಪಿಕಪ್‌ಗೆ ಸುಮಾರು 10 ಲಕ್ಷ ಓಮ್‌ನ ಇನ್‌ಪುಟ್ ಬೇಕು. ಮೈಕ್ ಕಿಂಡಿಯಲ್ಲಿರುವುದು ಕೆಲವೇ ಸಾವಿರ. ತಾರಸ್ವರವೆಲ್ಲ ಅಲ್ಲೇ ಸಾಯುತ್ತದೆ. ಹೆಂಡತಿಗೆ ಅರ್ಧ ಬೆಲೆ ಹೇಳಿ ಅಗ್ಗದ ಆಡಿಯೊ ಇಂಟರ್‌ಫೇಸ್ ತಂದೆ. 'ಇನ್‌ಸ್ಟ್' ಗುಂಡಿ ಒತ್ತಿದ್ದೇ ತಡ, ಕಂಬಳಿ ಸರಿಯಿತು. ಜತೆಗೇ ತುಕ್ಕು ಹಿಡಿದ ತಂತಿ, ಮಾನಿಟರಿನಿಂದ ಬರುವ ಗುಂಯ್‌ಗುಡುವಿಕೆ, ತಡವಾಗಿ ಬೀಳುವ ನನ್ನ ಬೆರಳು ಎಲ್ಲವೂ ಬಯಲಾದವು. ತಂತಿ ಬದಲಿಸಿದೆ; ಮಾನಿಟರಿಗೆ ಬೆನ್ನು ಹಾಕಿ ಕೂತೆ. ಬೆರಳಿಗೆ ಅಂಗಡಿಯಲ್ಲಿ ಏನೂ ಸಿಗಲಿಲ್ಲ.

ಮತ್ತೆ ಅಪ್ಪನಿಗೆ ಕಳಿಸಿದೆ.

"ಈಗ ತಪ್ಪೆಲ್ಲಾ ಛಲೋ ಕೇಳಸ್ತಾವ. ಇನ್ನೊಂದು ಕಳಸು."