ಗದಗ ಬಂತು, ಅವ್ವ ಎಲ್ಲಿ?

ನಿವೃತ್ತಿಯಾದ ಮೇಲೆ ಅಪ್ಪ ಹಚ್ಚಿಕೊಂಡ ಕೆಲಸ ಒಂದೇ. ಹಳೇ ಫೋಟೋಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ, ಫೋಲ್ಡರ್‌ಗಳಿಗೆ ಕನ್ನಡದಲ್ಲೇ ಹೆಸರಿಡುವುದು. ಗದಗ, ಮದುವೆ, ಜಾತ್ರೆ, ಅವ್ವ. ‘ಅವ್ವ’ ಫೋಲ್ಡರ್‌ನಲ್ಲಿ ಫೋಟೋಗಳ ಜೊತೆ ಅಜ್ಜಿಯ ದನಿಯೂ ಇತ್ತು. ಹೋಳಿಗೆ ಲಟ್ಟಿಸುತ್ತಾ ಯಾರ್ಯಾರನ್ನೋ ಬೈಯುವ 11 ನಿಮಿಷದ ರೆಕಾರ್ಡಿಂಗ್.

ಬ್ಯಾಕಪ್‌ಗೆಂದು ನಾನೇ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದುಕೊಟ್ಟೆ. ಯಾವ ಫೈಲ್ ನಕಲಾಗಬೇಕು ಅಂತ ಪಾತ್ ನೋಡಿ ತೀರ್ಮಾನಿಸಲು ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್. ಫೋಲ್ಡರ್ ಹೆಸರು, ಸ್ಲ್ಯಾಶ್, ಫೈಲ್ ಹೆಸರು, ಚುಕ್ಕಿ, ಎಕ್ಸ್‌ಟೆನ್ಶನ್. ಹೆಸರಿನ ಜಾಗಕ್ಕೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಪ್ಲಸ್. ಅಂದರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಎಷ್ಟಿದ್ದರೂ ಸರಿ. ಬರೀ ಚುಕ್ಕಿ ಇಟ್ಟರೆ ಅದು ಯಾವ ಅಕ್ಷರಕ್ಕಾದರೂ ಹೊಂದಿಬಿಡುತ್ತದೆ, ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಲು ಮರೆಯಲಿಲ್ಲ ಅಂತ ಒಳಗೊಳಗೇ ಜಂಬ ಬೇರೆ! ಟೆಸ್ಟ್ ಮಾಡಿದ್ದು ಇಂಗ್ಲಿಷ್ ಹೆಸರಿನ ನನ್ನ ಫೋಲ್ಡರ್‌ಗಳ ಮೇಲೆ. ಎಲ್ಲಾ ಪಾಸ್.

ಕಳೆದ ಮಳೆಗಾಲದಲ್ಲಿ ಲ್ಯಾಪ್‌ಟಾಪಿನ ಡಿಸ್ಕ್ ಕೈಕೊಟ್ಟಿತು. ಬ್ಯಾಕಪ್ ತೆರೆದರೆ ಕನ್ನಡ ಹೆಸರಿನದ್ದು ಒಂದೇ ಒಂದು ಫೋಲ್ಡರ್.

“ಗದಗ ಬಂತು. ಅವ್ವ ಎಲ್ಲಿ ಅದಾಳ?” ಅಂದರು ಅಪ್ಪ.

ರಾತ್ರಿ ಎರಡು ಗಂಟೆಗೆ ಉತ್ತರ ಸಿಕ್ಕಿತು. ಯೂನಿಕೋಡ್‌ನಲ್ಲಿ ನಮ್ಮ ಕೊಂಬು, ಗುಡಿಸು, ಏತ್ವಗಳಿಗೆಲ್ಲ ಬೇರೆ ಬೇರೆ ಕೋಡ್. ಒತ್ತಕ್ಷರ ಮಾಡುವ ಹಲಂತಕ್ಕೂ ಅಷ್ಟೇ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ‘ಗ’, ‘ದ’ಗಳನ್ನು ಅಕ್ಷರ ಅಂತ ಒಪ್ಪುತ್ತೆ, ಈ ಚಿಹ್ನೆಗಳನ್ನು ಒಪ್ಪಲ್ಲ. ಗದಗಕ್ಕೆ ಕೊಂಬಿಲ್ಲ, ದೀರ್ಘವಿಲ್ಲ, ಒತ್ತಿಲ್ಲ. ಹಿಂದಿನಿಂದ ಓದಿದರೂ ಗದಗವೇ, ಪುಣ್ಯವಂತ ಊರು. ಅವ್ವ ಅಂದರೆ ಅ, ವ, ಹಲಂತ, ವ. ಮೂರನೆಯದಕ್ಕೇ ಫೇಲ್. ಅದಕ್ಕಿಂತ ದೊಡ್ಡ ತಪ್ಪು ನನ್ನದು: ಬಿಟ್ಟುಹೋದ ಫೈಲ್‌ಗಳ ಹೆಸರು ತೋರಿಸುವ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಪ್ರತಿ ಭಾನುವಾರ ಸ್ಕ್ರಿಪ್ಟ್ ‘ಮುಗಿಯಿತು’ ಅನ್ನುತ್ತಿತ್ತು, ಅಪ್ಪ ನಂಬುತ್ತಿದ್ದರು.

ಸರಿಮಾಡಲು ಐದು ನಿಮಿಷ ಸಾಕಾಯ್ತು. ‘ಸ್ಲ್ಯಾಶ್ ಬಿಟ್ಟು ಏನಿದ್ದರೂ ಸರಿ’ ಅಂತ ಬರೆದರೆ ಆಯ್ತು. ನಿಜ ಹೇಳಬೇಕೆಂದರೆ ಎಕ್ಸ್‌ಟೆನ್ಶನ್ ನೋಡಲು ಪಾತ್‌ಲಿಬ್ ಇದ್ದೇ ಇದೆ, ಆ ಪ್ಯಾಟರ್ನೇ ಬೇಕಿರಲಿಲ್ಲ.

ಫೋಟೋಗಳು ಅತ್ತೆಯ ಫೋನಿನಲ್ಲಿ ಅಷ್ಟಿಷ್ಟು ಸಿಕ್ಕವು. ಆ 11 ನಿಮಿಷ ಸಿಗಲಿಲ್ಲ. ಅಪ್ಪ ಒಂದು ಮಾತೂ ಬೈಯಲಿಲ್ಲ, ಅದೇ ಕಷ್ಟವಾಗಿದ್ದು.

ಮೊನ್ನೆ ಫೋನ್ ಮಾಡಿದ್ದರು. ಹೊಸ ಫೋಲ್ಡರ್ ಮಾಡುತ್ತಿದ್ದರಂತೆ.

“ಈಗ ಒತ್ತಕ್ಷರ ಹಾಕಿದ್ರ ನಡೀತೈತಿ ಏನಪಾ?”

“ನಡೀತೈತಿ ಅಪ್ಪಾ, ಹಾಕ್ರಿ” ಅಂದೆ.