ದುಬೈಗೆ ಹೋಗೂದಾದ್ರ ಯಾವ ತಿಂಗಳು?

ಈ ಸಲ ಬೆಳಿ ವಿಷಯ ಅಲ್ಲ. ನಮ್ಮ ಹಿರಿಮಗ ದುಬೈನಾಗ ಏಸಿ ರಿಪೇರಿ ಕೆಲಸಕ್ಕ ಅದಾನ ಅನ್ನೂದು ನಿಮಗ ಗೊತ್ತು. ನಮ್ಮ ಕಾಗವಾಡ, ಉಗಾರ, ಶೇಡಬಾಳ ಕಡೆ ಮತ್ತೂ ಒಂದಿಷ್ಟು ಮನಿಯ ಹುಡುಗರು ಗಲ್ಫ್‌ನಾಗ ಅದಾರ. "ಮಗನ್ನ ನೋಡಾಕ ಹೋಗಬೇಕಂದ್ರ ಯಾವ ತಿಂಗಳು ಛಲೋ?" ಅಂತ ಮೂರ್ನಾಲ್ಕು ಮಂದಿ ಕೇಳಿದ್ರು. ನಾನು, ನಮ್ಮ ಮನಿಯಾಕಿ 2023ರ ಮಾರ್ಚ್‌ನಾಗ ಹೋಗಿ ಬಂದೇವಿ. ಆ ತಿಂಗಳು ಹೆಂಗ ಗೊತ್ತು ಮಾಡಿದ್ವಿ ಅನ್ನೂದನ್ನ ಬರೀತೀನಿ, ನಿಮಗೂ ಉಪಯೋಗ ಆಗಬಹುದು.

ಮೊದಲು ಹವಾದ ಲೆಕ್ಕ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಹಗಲು 24–26 ಡಿಗ್ರಿ, ರಾತ್ರಿ 15ರ ಸುತ್ತ. ನಮ್ಮ ಸಂಕ್ರಾಂತಿಗಿಂತ ಹಗಲು ತಂಪು. ಮಾರ್ಚ್‌ನಾಗ 28–29, ಏಪ್ರಿಲ್ 33, ಮೇದಾಗ 38. ಜುಲೈ, ಆಗಸ್ಟ್‌ನಾಗ 40 ದಾಟತದ. "ನಮ್ಮಲ್ಲೂ ಮೇದಾಗ 38 ಆಗ್ತದ, ಅದೇನು ದೊಡ್ಡದು" ಅನಬ್ಯಾಡ್ರಿ. ನಮ್ಮದು ಒಣ ಬಿಸಿಲು. ಬೇವಿನ ಗಿಡದ ಕೆಳಗ ಕುಂತ್ರ ಬೆವರು ಆರತದ, ರಾತ್ರಿ ಅಂಗಳದಾಗ ಮಲಗಿದ್ರ ನಿದ್ದಿ ಬರತದ. ದುಬೈ ಮರಳುಗಾಡಿನ ಊರು ಖರೆ, ಆದ್ರ ಸಮುದ್ರದ ದಂಡಿ ಮ್ಯಾಲ ಐತಿ. ಬ್ಯಾಸಗ್ಯಾಗ ಆ ಸಮುದ್ರದ ನೀರೇ ಬಿಸಿ ಆಗಿರತದ. ಗಾಳಿ ತುಂಬ ನೀರಿನ ಅಂಶ, ಮೈ ಬೆವರು ಆರೂದಿಲ್ಲ. ಆಗಸ್ಟ್‌ನಾಗ ರಾತ್ರಿನೂ 30ರ ಆಸುಪಾಸು ಇರತದ. ಬಿಸಿಲು ಮುಳುಗಿದ್ರೂ ಸೆಕಿ ಬಿಡೂದಿಲ್ಲ.

ಅದಕ್ಕ ಮಗ ಹೇಳಿದ್ದು ಒಂದೇ ಮಾತು: "ಅಪ್ಪಾ, ಜನವರಿಗೆ ಬರ್ರಿ."

ಆದ್ರ ಜನವರಿ ಅಂದ್ರ ನಮ್ಮ ಹೊಲ ಬಿಡೂದಿಲ್ಲ. ನವೆಂಬರಿಗೆ ಕಾರ್ಖಾನಿ ಹಂಗಾಮ ಸುರು ಆದ್ರ ಮಾರ್ಚ್‌ವರೆಗೂ ಕಬ್ಬಿನದೇ ಚಿಂತಿ. ಕಡಿಯೂ ಗ್ಯಾಂಗ್ ಇವತ್ತು ಬರತದ, ನಾಳೆ ಬರತದ ಅಂತ ದಾರಿ ಕಾಯೂದು. ಬಂದಾಗ ಮಾಲಕ ಇರಲಿಲ್ಲಂದ್ರ ಬಾಜೂ ಹೊಲಕ್ಕ ಹೋಗಿಬಿಡ್ತಾರ. ನಿಂತ ಕಬ್ಬು ಒಣಗಿ ತೂಕ ಇಳದ್ರ ಯಾರು ತುಂಬಿಕೊಡ್ತಾರ? ಎರಡೂವರೆ ಎಕರೆದವನಿಗೆ ಅದೊಂದೇ ವರ್ಷದ ರೊಕ್ಕ. ದ್ರಾಕ್ಷಿ ಇದ್ದವರಿಗೆ ಫೆಬ್ರವರಿನೂ ಇಲ್ಲ, ಮಾರ್ಚ್‌ನೂ ಇಲ್ಲ.

ಮನಿಯಾಕಿ ಲೆಕ್ಕ ಬ್ಯಾರೇನೇ ಇತ್ತು. "ಆಗಸ್ಟ್‌ನಾಗ ಹೋಗೂಣು" ಅಂದ್ಲು. ಅಷ್ಟು ಸೆಕಿದಾಗ ಯಾಕ ಅಂದ್ರ, "ಆ ದಿನದಾಗ ಅವನ ದನಿ ಬ್ಯಾರೆ ಇರತೈತಿ. ನಾ ನೋಡಬೇಕಾಗಿರೂದು ಮಗನ್ನ, ಊರನ್ನಲ್ಲ" ಅಂದ್ಲು. ನನಗ ಮಾತು ಹೊಳೀಲಿಲ್ಲ. ಅಲ್ಲಿ ಸರ್ಕಾರದ ನಿಯಮ ಐತಿ, ಜೂನ್ 15ರಿಂದ ಸೆಪ್ಟೆಂಬರ್ 15ರತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಾಗ ಕೆಲಸ ಮಾಡಿಸಬಾರದು ಅಂತ. ನಿಯಮ ಮಾಡಬೇಕಾತು ಅಂದ್ರ ಬಿಸಿಲು ಎಂಥಾದ್ದು ವಿಚಾರ ಮಾಡ್ರಿ. ಮಗನ ಕೆಲಸ ಕಟ್ಟಡದ ಮಾಳಿಗಿ ಮ್ಯಾಲಿನ ಏಸಿ ಮಶೀನಿಗೆ. ಊರೆಲ್ಲಾ ತಂಪಿನಾಗ ಕುಂತ ತಿಂಗಳದಾಗೇ ಅವನಿಗೆ ಹೆಚ್ಚು ಕೆಲಸ. ಆಗ ನಾವು ಹೋದ್ರ ಅವ ಡ್ಯೂಟಿಗೆ, ನಾವು ಖೋಲ್ಯಾಗ. ಇದನ್ನ ಕೂಡಿಸಿ ಹೇಳಿದ ಮ್ಯಾಲ ಆಕಿ ಒಪ್ಪಿದ್ಲು.

ಹಿಂಗಾಗಿ ಉಳಿದದ್ದು ಮಾರ್ಚ್ ಮೊದಲ ಹದಿನೈದು ದಿನ. ಫೆಬ್ರವರಿದಾಗ ಕಬ್ಬು ಹೋತು. ಕುಳಿ ಕಬ್ಬಿಗೆ ರವದಿ ಹೊಚ್ಚಿ, ಗೊಬ್ಬರ ಕೊಟ್ಟು, ನೀರು ಬಿಟ್ಟು, ಎಮ್ಮಿ ತಮ್ಮನ ಹತ್ರ ಬಿಟ್ವಿ. ಆ ವರ್ಷ ಅಲ್ಲಿ ರಂಜಾನ್ ಮಾರ್ಚ್ 23ಕ್ಕ ಹಿಡಿಯೂದಿತ್ತು. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದ ಬರತದ, ಅದನ್ನೂ ನೋಡಿಕೊಳ್ರಿ. ಹಗಲು ಹೊರಗ ಎಲ್ಲರ ಮುಂದ ತಿನ್ನೂದು, ಕುಡಿಯೂದು ಆಗ ಸರಿ ಅಲ್ಲ. ಮಿರಜದಿಂದ ರಾತ್ರಿ ರೈಲಿಗೆ ಮುಂಬೈ, ಅಲ್ಲಿಂದ ವಿಮಾನ ಮೂರು ತಾಸು. ಗಡಿಯಾರ ಒಂದೂವರೆ ತಾಸು ಹಿಂದ ಮಾಡಬೇಕು.

ಮಗ ನಾಲ್ಕು ದಿನ ರಜಾ ತಗೊಂಡಿದ್ದ. ಡೇರಾದಾಗ ಸಣ್ಣ ಖೋಲಿ ಹಿಡಿದಿದ್ದ. ಒಂದು ದಿರ್ಹಮ್ ಕೊಟ್ಟು ಕಟ್ಟಿಗಿ ದೋಣ್ಯಾಗ ಖಾಡಿ ದಾಟಿದ್ವಿ. ಖರ್ಜೂರದ ಗಿಡಕ್ಕ ಆಗ ಹೂವಿನ ಕಾಲ. ಗಂಡು ಗಿಡದ ಹೂವಿನ ಎಳಿ ತಂದು ಹೆಣ್ಣು ಗಿಡದ ಗೊಂಚಲದಾಗ ಕೈಯಿಂದ ಇಡ್ತಾರ. ಹಣ್ಣು ಬರೂದು ಜುಲೈ, ಆಗಸ್ಟ್‌ಗೆ. ಮಂದಿಯನ್ನ ಬೇಯಿಸೂ ಬಿಸಿಲೇ ಆ ಹಣ್ಣಿಗೆ ಬೇಕು. ಬಜಾರದಾಗ ನಮ್ಮ ದೇಶದ ದ್ರಾಕ್ಷಿ ಪೆಟ್ಟಿಗಿ ನೋಡಿ ಖುಷಿ ಆತು.

ಮಗ ಇರೂ ಖೋಲಿಗೂ ಹೋಗಿದ್ವಿ. ನಾಲ್ಕು ಮಂದಿ ಕೂಡಿ ಇರ್ತಾರ. ಕಾಟಿನ ಕೆಳಗ ಓಆರ್‌ಎಸ್ ಪಾಕೀಟಿನ ಡಬ್ಬಿ ಇತ್ತು. "ಇದೇನೋ?" ಅಂತ ಅವರವ್ವ ಕೇಳಿದ್ಲು. "ಬ್ಯಾಸಗಿಗೆ ಬೇಕಾಗತೈತಿ ಅವ್ವಾ" ಅಂದು ಡಬ್ಬಿ ಒಳಗ ಸರಿಸಿದ. ಆಕಿ ಮತ್ತ ಕೇಳಲಿಲ್ಲ. ಬಂದ ಮ್ಯಾಲ ಜೂನ್ ಹಿಡಿದ್ರ ಹಗಲು ಅವನಿಗೆ ಫೋನ್ ಹಚ್ಚೂದಿಲ್ಲ, ರಾತ್ರಿ ಊಟ ಆದ ಮ್ಯಾಲೆ ಹಚ್ಚತಾಳ. ಮೊದಲು ಕೇಳೂದು, "ನೀರು ಕುಡದಿ ಏನು?"

ಈಗ ನನ್ನ ಸಲಹೆ. ಬರೇ ಊರು ನೋಡಾಕ ಅಂದ್ರ ಡಿಸೆಂಬರ್, ಜನವರಿ ಛಲೋ, ಆದ್ರ ಟಿಕೀಟು, ಖೋಲಿ ಎರಡೂ ತುಟ್ಟಿ. ಕಬ್ಬಿನವರು ಕಟಾವು ಮುಗಿಸಿ ಮಾರ್ಚ್‌ನಾಗ ಹೋಗ್ರಿ. ದ್ರಾಕ್ಷಿಯವರು ನವೆಂಬರ್, ಡಿಸೆಂಬರ್ ಅಂದ್ರ ತೋಟ ನೋಡಾಕ ನಂಬಿಗಸ್ತ ಮನುಷ್ಯಾ ಇರಬೇಕು. ಏಪ್ರಿಲ್ ಕೊನಿ ಅಂದ್ರ ಮುಂಜಾನೆ, ಸಂಜಿಗಷ್ಟೇ ತಿರುಗಾಡ್ರಿ. ಅಲ್ಲಿ ಮಳಿ ಇಲ್ಲೇ ಇಲ್ಲ ಅನ್ನೂ ಹಂಗೂ ಇಲ್ಲ. 2024ರ ಏಪ್ರಿಲ್ 16ಕ್ಕ ಬಿದ್ದಷ್ಟು ಮಳಿ 1949ರಿಂದ ಲೆಕ್ಕ ಇಟ್ಟ ಮ್ಯಾಲ ಎಂದೂ ಬಿದ್ದಿರಲಿಲ್ಲಂತ, ವಿಮಾನ ನಿಲ್ದಾಣಕ್ಕೇ ನೀರು ಹೊಕ್ಕಿತ್ತು. ಮೇ ತಿಂಗಳು ಮೊಮ್ಮಕ್ಕಳ ಸೂಟಿ ಅಂತ ವಯಸ್ಸಾದವರನ್ನ ಕರಕೊಂಡು ಹೋಗಬ್ಯಾಡ್ರಿ.

ಟಿಕೀಟು ತೆಗಿಸೂಕಿಂತ ಮೊದಲು ಮಗನ ರಜಾ ಯಾವಾಗ ಅಂತ ಕೇಳ್ರಿ. ಅವ ಜೊತಿಗೆ ಇರೂ ನಾಲ್ಕು ದಿನ ಸಿಕ್ಕರ ಹವಾ ಒಂದೆರಡು ಡಿಗ್ರಿ ಹೆಚ್ಚಿದ್ರೂ ನಡೀತದ.