ಯಾರ ಪೈಕಿ?

ಜಗಳೂರು ಕಡೆಯವರು ಇಬ್ಬರು, ಹರಪನಹಳ್ಳಿ ಕಡೆಯವನೊಬ್ಬ. ಮೂವರೂ ನಮ್ಮ ನಮ್ಮ ಮನೆಯಲ್ಲಿ ಮೊದಲ ಬಿ.ಎ.ಗಳು. (ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಜಿಲ್ಲೆ ಇಷ್ಟು ಸಲ ಬದಲಾದರೂ ನಮ್ಮ ಗೆಳೆಯನ ಕೇರಿ ಊರ ಹೊರಗೇ ಐತಿ.) ಎಂ.ಎ. ಓದೋದಕ್ಕೆ ದಾವಣಗೆರೆಗೆ ಬಂದಾಗ ನಮ್ಮ ಹತ್ತಿರ ಇದ್ದದ್ದು ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು, ಅವ್ವಂದಿರು ಕಟ್ಟಿಕೊಟ್ಟ ರೊಟ್ಟಿ. ಹಾಸ್ಟೆಲಿನ ಪಟ್ಟಿ ಹಚ್ಚೋವರೆಗೆ ಬಾಡಿಗೆ ಕಟ್ಟಬೇಕು, ಹೊಟ್ಟೆಗೆ ಹಾಕಬೇಕು. ಪರಿಶಿಷ್ಟರ ಮಕ್ಕಳಿಗೆ ಅಂತ 1944ರಲ್ಲಿ ಶುರುವಾದ ಸ್ಕಾಲರ್‌ಷಿಪ್ ಇವತ್ತಿಗೂ ಬರುತ್ತದೆ. ಆದರೆ ಮನೆ ಮಾಲೀಕ ಬಾಡಿಗೆಗೆ ಬರೋ ದಿನಕ್ಕೆ ಅದು ಬರೋದಿಲ್ಲ. ಅದಕ್ಕೇ ಕೆಲಸ ಹುಡುಕುತ್ತಾ ಬೀದಿಗೆ ಬಿದ್ದೆವು.

ಹಿಂದೆ ಈ ಊರಿಗೆ ಬಂದವರಿಗೆ ಹತ್ತಿಗಿರಣಿಗಳಿದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಆರಿಸಿ ಕಳಿಸಿದ ಊರು ಇದು. ಗಿರಣಿ ಮುಚ್ಚಿದವು. ಪಕ್ಕದ ಹರಿಹರದಲ್ಲಿ 1941ರಲ್ಲಿ ಹುಟ್ಟಿ, ಲೇತು ಮಾಡಿ ದೇಶಕ್ಕೆಲ್ಲ ಕಳಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ಹೊಳೆಯಾಚೆ ಕುಮಾರಪಟ್ಟಣಂನಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಐತಿ, ಅಲ್ಲಿ ಎಂ.ಎ. ಹುಡುಗರಿಗೆ ಏನು ಕೆಲಸ? ಉಳಿದದ್ದು ಬಟ್ಟೆ ಅಂಗಡಿ, ಮೆಡಿಕಲ್ ಶಾಪು, ಮೆಕ್ಕೆಜೋಳದ ಮಂಡಿ, ಮದುವೆ ಛತ್ರ, ಮಂಡಕ್ಕಿ ಭಟ್ಟಿ.

ಎಲ್ಲಿ ಹೋದರೂ ಎರಡು ಪ್ರಶ್ನೆ. "ಯಾವೂರಪಾ?" ಇದಕ್ಕೆ ಉತ್ತರ ಸುಲಭ. ಆಮೇಲೆ ದನಿ ಸ್ವಲ್ಪ ತಗ್ಗುತ್ತದೆ: "ಯಾರ ಪೈಕಿ?" ಲೆಕ್ಕ ಬರುತ್ತಾ, ಕಂಪ್ಯೂಟರ್ ಬರುತ್ತಾ ಅಂತ ಕೇಳೋದು ಇದಾದ ಮೇಲೆ. ಒಂದು ಬಟ್ಟೆ ಅಂಗಡಿಯಲ್ಲಿ ನಮ್ಮ ಪೈಕಿ ಹೇಳಿದೆವು. ಸಾವ್ಕಾರರು ಬಹಳ ಮರ್ಯಾದಸ್ಥರು. ನೀರು ಕೊಡಿಸಿದರು, ಪೇಪರ್ ಲೋಟದಲ್ಲಿ. "ಹಬ್ಬಕ್ಕೆ ಹೇಳಿ ಕಳಸ್ತೀನಿ" ಅಂದರು. ನಮ್ಮ ಫೋನ್ ನಂಬರ್ ಮಾತ್ರ ಬರಕೊಳ್ಳಲಿಲ್ಲ.

ರೂಮು ಹುಡುಕೋದೂ ಇದೇ ಕತೆ. ಬರೋಡಾ ಮಹಾರಾಜರ ಹಣದಲ್ಲಿ ಅಮೆರಿಕದಲ್ಲಿ ಓದಿ 1917ರಲ್ಲಿ ಅದೇ ಬರೋಡಾಕ್ಕೆ ನೌಕರಿಗೆ ಬಂದ ಅಂಬೇಡ್ಕರರಿಗೆ ಇರೋಕೊಂದು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ತಂಗುದಾಣದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಇವತ್ತು ದೊಣ್ಣೆ ಬೇಕಾಗಿಲ್ಲ, "ವೆಜಿಟೇರಿಯನ್ನರಿಗೆ ಮಾತ್ರ" ಅನ್ನೋ ಬೋರ್ಡು ಸಾಕು.

ಕೊನೆಗೆ ಒಬ್ಬ ಏಜೆಂಟ್ ಏನೂ ಕೇಳದೆ ಮದುವೆ ಊಟ ಬಡಿಸೋಕೆ ಕರೆದ. ಬಿಳಿ ಅಂಗಿ, ಕರಿ ಪ್ಯಾಂಟು, ತಲೆಗೊಂದು ಟೊಪ್ಪಿ, ದಿನಕ್ಕೆ 500 ರೂಪಾಯಿ, ಊಟ. ಎರಡು ಮದುವೆ ಚಲೋ ಆದವು. ಮೂರನೆಯದರಲ್ಲಿ, ಎರಡನೇ ಪಂಕ್ತಿಗೆ ಅನ್ನ ಬಡಿಸುತ್ತಿದ್ದಾಗ, ಬೀಗರ ಕಡೆಯವರೊಬ್ಬರು ನಮ್ಮಲ್ಲೊಬ್ಬನ ಮುಖ ನೋಡಿದರು. "ಏ, ನೀನು ಇಂಥವನ ಮಗ ಅಲ್ಲೇನೋ? ನಿಮ್ಮಪ್ಪ ನಮ್ಮ ಹೊಲಕ್ಕ ಬರ್ತಾನ." ಪ್ರೀತಿಯಿಂದ ಮಾತಾಡಿಸಿದರು ಅಂತಲೇ ತಿಳಿದೆವು. ಸಾರಿನ ಬಕೆಟ್ ಎತ್ತೋದರೊಳಗೆ ಏಜೆಂಟ್ ಓಡಿ ಬಂದ. "ನೀವು ಮೂರೂ ಜನ ಹಿಂದಕ್ಕ ನಡೀರಿ. ಎಲಿ ಎತ್ತಾಕ ಜನ ಕಮ್ಮಿ ಅದಾರ."

ಮೊದಲ ಪಂಕ್ತಿಯಲ್ಲಿ ನೂರಾರು ಜನ ನಮ್ಮ ಕೈಯಿಂದ ಪಾಯಸ ಹಾಕಿಸಿಕೊಂಡು ಉಂಡು ಕೈ ತೊಳೆದು ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಯಾರಿಗೂ ಹೊಟ್ಟೆ ನೋವು ಬಂದ ಹಾಗೆ ಕಾಣಲಿಲ್ಲ.

ಹಿಂದಕ್ಕೆ ಹೋದೆವು. ಎಲೆ ಎತ್ತಲಿಲ್ಲ. ನೀರಿನ ಡ್ರಮ್ಮಿನ ಪಕ್ಕ ಸುಮ್ಮನೆ ನಿಂತು, ನಮ್ಮ ಕೂಲಿ ಕೊಟ್ಟುಬಿಡು ಅಂದೆವು. ಎಲೆ ಎತ್ತೋರಿಗೆ 300, ಅದನ್ನೂ ಕೆಲಸ ಮುಗಿದ ಮೇಲೆ ಅಂದ. ಅಲ್ಲಿ ಹಂಡೆ ತಿಕ್ಕುತ್ತಿದ್ದವರು ನಮ್ಮ ಅವ್ವಂದಿರ ವಯಸ್ಸಿನ ಹೆಣ್ಣುಮಕ್ಕಳು, ನಮ್ಮಂಥ ಕೇರಿಗಳಿಂದಲೇ ಬಂದವರು. ಅವರಲ್ಲೊಬ್ಬಾಕೆ ಕೈಯಾಗಿನ ನಾರು ಕೆಳಗಿಟ್ಟು, "ಹುಡ್ರ ರೊಕ್ಕ ಕೊಡಪಾ. ಇಲ್ಲಾಂದ್ರ ಪಾತ್ರಿ ಹಂಗಽ ಇರ್ತಾವ" ಅಂದಳು. ಮಿಕ್ಕವರೂ ತಿಕ್ಕೋದು ನಿಲ್ಲಿಸಿದರು. ಮೂರನೇ ಪಂಕ್ತಿಗೆ ಜನ ಕೂತಾಗಿತ್ತು. ಒಬ್ಬೊಬ್ಬರಿಗೆ 500 ಎಣಿಸಿ ಕೊಟ್ಟ. ಮತ್ತೆ ಕರೆಯಲಿಲ್ಲ. ಹೊರಡುವಾಗ ಆಯವ್ವನ ಕೂಲಿ ಕೇಳಿದೆವು. ಬೆಳಗಿನಿಂದ ರಾತ್ರಿವರೆಗೆ 400. ಅದಕ್ಕಾಗಿ ಆ ಛತ್ರದಲ್ಲಿ ಇನ್ನೂ ಯಾರೂ ಪಾತ್ರೆ ಕೆಳಗಿಟ್ಟಿರಲಿಲ್ಲ.

ದೂರು ಕೊಡಬೇಕಿತ್ತು ಅಂತ ಗೆಳೆಯರು ಅಂದರು. 1955ರ ಕಾಯ್ದೆ ಐತಿ, 1989ರದ್ದೂ ಐತಿ. ಆದರೆ ಯಾವ ಬೈಗುಳವೂ ಇರಲಿಲ್ಲ, ಜಾತಿಯ ಹೆಸರೂ ಬರಲಿಲ್ಲ. "ಹಿಂದಕ್ಕ ನಡೀರಿ" ಅನ್ನೋದನ್ನ ಠಾಣೆಯಲ್ಲಿ ಯಾವ ಕಲಮಿಗೆ ಬರೆಸೋದು, ಸಾಕ್ಷಿಗೆ ಯಾರನ್ನ ಕರೆಯೋದು? ಬೀಗರನ್ನೇ?

ಪೈಕಿ ಕೇಳದ ಜಾಗವೂ ಊರಾಗೆ ಐತಿ. ಮಂಡಕ್ಕಿ ಭಟ್ಟಿಯಲ್ಲಿ ಯಾರೂ ಯಾರನ್ನೂ ಕೇಳೋದಿಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಲ್ಲಿ ಹುರಿಯೋ ಆ ಹೊಗೆಯೊಳಗೆ ದುಡಿಯೋರು ಬಹಳಷ್ಟು ಬಡ ಮುಸ್ಲಿಮರು. ಅವರ ಜೊತೆ ಒಂದೇ ಲೋಟದಲ್ಲಿ ಚಹಾ ಕುಡಿದೆವು. ಎರಡು ವಾರಕ್ಕೆ ಕೆಮ್ಮು ಹತ್ತಿತು. ಸಂಜೆ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಕವಿಗೋಷ್ಠಿಗೆ ಕಾಯೋ ಗೆಳೆಯರು ಒಮ್ಮೆ ಅಲ್ಲಿಗೆ ಹೋಗಿ ನಿಂತು ಬರಬೇಕು.

ಆಮೇಲೆ ಹರಿಹರ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರಲ್ಲಿ ಅಲ್ಲಿ ಗುಡಿ ಕಟ್ಟಿಸಿದ, ಅರ್ಧ ಹರಿ ಅರ್ಧ ಹರ. ಎರಡು ದೇವರು ಒಂದೇ ಮೈಯೊಳಗೆ ಹೊಂದಿಕೊಂಡು ಎಂಟುನೂರು ವರ್ಷವಾಯಿತು, ಒಂದೇ ವಠಾರದೊಳಗೆ ನಾವು ಹೊಂದಿಕೊಳ್ಳೋದು ಇನ್ನೂ ಕಷ್ಟವಂತೆ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿದ್ದೂ ಈ ಊರಲ್ಲೇ. ಅವರು ತೀರಿಕೊಂಡ 1997ರಲ್ಲಿ ನಾವಿನ್ನೂ ಹುಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಲೇತು ತಿರುಗಿಸಿದ್ದ ಒಬ್ಬ ಹಿರಿಯರು ತಮ್ಮ ಮುಂದಿನ ಪಡಸಾಲೆ ಬಿಟ್ಟುಕೊಟ್ಟರು. "ಕೆಲಸ ಕೇಳಬ್ಯಾಡ್ರಿ, ನೀವಽ ಸುರು ಮಾಡ್ರಿ" ಅಂದರು. ಈಗ ಸಂಜೆ ಆರರಿಂದ ಎಂಟು ಅಲ್ಲಿ ಟ್ಯೂಷನ್. ಕೇರಿಯ ಮಕ್ಕಳು ಇಪ್ಪತ್ತಮೂರು, ತಿಂಗಳಿಗೆ 150, ಕೊಟ್ಟವರು ಕೊಟ್ಟಷ್ಟು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದದ್ದಕ್ಕೆ ನಮ್ಮ ಕ್ಲಾಸಿನ ಇಬ್ಬರು ಗೆಳತಿಯರೂ ಬಂದು ಗಣಿತ, ಇಂಗ್ಲಿಷು ಹೇಳಿಕೊಡುತ್ತಾರೆ. ನಮ್ಮ ಬಸ್ಸಿನ ಖರ್ಚು ನಾವೇ ನೋಡಿಕೊಳ್ಳಬೇಕು.

ಅದೇ ಪಡಸಾಲೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಪೈಕಿ ಕೇಳದೆ ಕೆಲಸ ಕೊಟ್ಟವರು, ಕೇಳದೆ ರೂಮು ಕೊಟ್ಟವರು, ಎರಡೂ ಊರಿನವರು, ಯಾರು ವಾರಕ್ಕೆ ಕೂಲಿ ಕೊಡುತ್ತಾರೆ, ಯಾರು ತಿಂಗಳಿಗೆ. ಪಟ್ಟಿಯಲ್ಲಿ ಇವತ್ತಿಗೆ ಹನ್ನೊಂದು ಹೆಸರು. ಒಂದು ಝೆರಾಕ್ಸ್ ಅಂಗಡಿಯದನ್ನು ಹೋದ ವಾರ ಹೊಡೆದು ಹಾಕಿದೆವು. ಹೊಸ ಹುಡುಗರು ಬರೋ ಅಡ್ಮಿಷನ್ನಿನ ಹೊತ್ತಿಗೆ ಅದನ್ನ ಇಪ್ಪತ್ತಕ್ಕೆ ಮುಟ್ಟಿಸಬೇಕು ಅಂತ ತಿರುಗುತ್ತಿದ್ದೇವೆ.